ಹಾಡುಹಕ್ಕಿ: ಪದದ ಅರ್ಥ, ಪದದ ಬಳಕೆ

‘ಹಾಡುಹಕ್ಕಿ’ ಎರಡು ಮಾತು ಕೂಡಿ ಆದ ಪದ. ‘ಹಾಡು’ ದ್ರಾವಿಡ ಮೂಲದ್ದು. ಹಳಗನ್ನಡದಲ್ಲಿ ಅದು ‘ಪಾಡು’. ತಮಿಳು, ತೆಲುಗು, ಮಲಯಾಳಗಳಲ್ಲಿ ಇಂದಿಗೂ ಪಕಾರವೇ ಉಳಿದಿದೆ. ‘ಹಕ್ಕಿ’ಯ ಹಳೆಯ ರೂಪ ‘ಪಕ್ಕಿ’. ಸಂಸ್ಕೃತದ ‘ಪಕ್ಷಿ’ ಪ್ರಾಕೃತದ ಬಾಯಲ್ಲಿ ‘ಪಕ್ಖಿ’ಯಾಗಿ ಕನ್ನಡಕ್ಕೆ ಇಳಿದ ತದ್ಭವ ಅದು. ಪಕ್ಷ ಎಂದರೆ ರೆಕ್ಕೆ, ರೆಕ್ಕೆಯುಳ್ಳದ್ದು ಪಕ್ಷಿ. ಬೇರೆ ಬೇರೆ ಮನೆಗಳಿಂದ ಬಂದ ಈ ಎರಡು ಮಾತುಗಳ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ಈಗ ಅವು ಒಡಹುಟ್ಟಿದವುಗಳಂತೆ ಕೇಳಿಸುತ್ತವೆ.

ಪದ ಕೂಡಿರುವ ಬಗೆಯೂ ಗಮನಿಸತಕ್ಕದ್ದು. ಕಡೆಗೋಲು, ಸುಡುಗಾಡು, ಉಡುದಾರ ಇವುಗಳನ್ನು ಶಾಲಾ ವ್ಯಾಕರಣ ಗಮಕ ಸಮಾಸಕ್ಕೆ ಉದಾಹರಣೆಯಾಗಿ ಕೊಡುತ್ತದೆ. ಕಡೆಯುವುದು ಕೋಲು, ಸುಡುವುದು ಕಾಡು ಎಂದು ಬಿಡಿಸುತ್ತದೆ. ಹಾಡುಹಕ್ಕಿಯೂ ಇದೇ ಸಾಲಿನದು. ಇಂಥ ಸಮಾಸ ಈಗ ನಡೆಯುತ್ತಿರುವ ಕೆಲಸವನ್ನು ಹೇಳುವುದಿಲ್ಲ, ವಸ್ತುವಿನ ಸ್ವಭಾವವನ್ನು ಹೇಳುತ್ತದೆ. ಕಡೆಗೋಲು ಗೋಡೆಯ ಗೂಟಕ್ಕೆ ತೂಗುಬಿದ್ದಿರುವಾಗಲೂ ಕಡೆಗೋಲೇ. ‘ಹಾಡುವ ಹಕ್ಕಿ’ ಎಂದರೆ ಸದ್ಯ ಹಾಡುತ್ತಿರುವ ಯಾವುದೋ ಒಂದು ಹಕ್ಕಿ ಆಗಬಹುದು. ‘ಹಾಡುಹಕ್ಕಿ’ ಎಂದರೆ ಹಾಡುವುದೇ ಗುರುತಾದ ಒಂದು ಜಾತಿ. ವರ್ಷದ ಹೆಚ್ಚಿನ ತಿಂಗಳು ಬಾಯಿ ಮುಚ್ಚಿಕೊಂಡು ಬೇಲಿಯ ಸಂದಿಯಲ್ಲಿ ಹುಳ ಹೆಕ್ಕುವ ಮಡಿವಾಳ ಹಕ್ಕಿಯೂ ಹಾಡುಹಕ್ಕಿ ಎನಿಸಿಕೊಳ್ಳುವುದು ಇದರಿಂದಲೇ.

ಇನ್ನೊಂದು ಸೂಕ್ಷ್ಮವಿದೆ. ಹಳಗನ್ನಡದಲ್ಲಿ ‘ಪಕ್ಕಿ’ ಸಮಾಸದ ಎರಡನೆಯ ಪದವಾಗಿ ಬಂದಾಗ ಪಕಾರ ವಕಾರವಾಗುತ್ತಿತ್ತು. ಚಕ್ರವಾಕಕ್ಕೆ ಕವಿಗಳು ಬಳಸಿದ ‘ಜಕ್ಕವಕ್ಕಿ’, ‘ಎಣೆವಕ್ಕಿ’ ಎಂಬ ಮಾತುಗಳಲ್ಲಿ ಇದನ್ನು ಕಾಣಬಹುದು. ‘ಹಾಡುಹಕ್ಕಿ’ಯಲ್ಲಿ ಆ ವಕಾರ ಇಲ್ಲ. ಪಕಾರ ಹಕಾರವಾದ ಮೇಲೆ, ಅಂದರೆ ಈಚಿನ ಕನ್ನಡದಲ್ಲಿ, ಈ ಪದವನ್ನು ಕೂಡಿಸಿಕೊಂಡಿದ್ದಾರೆ ಎಂದು ಊಹಿಸಲು ಪದದ ರೂಪವೇ ಆಧಾರ.

ಹಾಗಾದರೆ ಅದಕ್ಕೆ ಮುಂಚೆ ಕನ್ನಡಿಗರು ಹಕ್ಕಿಯ ದನಿಯನ್ನು ಹೇಗೆ ಹೇಳುತ್ತಿದ್ದರು? ಒಂದೊಂದು ಹಕ್ಕಿಗೂ ಅದರದೇ ಕ್ರಿಯಾಪದ ಇಟ್ಟು ಹೇಳುತ್ತಿದ್ದರು, ಈಗಲೂ ಹಾಗೆಯೇ ಹೇಳುತ್ತಾರೆ. ಕೋಳಿ ಕೂಗುತ್ತದೆ, ನವಿಲು ಕೇಗುತ್ತದೆ, ಗಿಳಿ ಉಲಿಯುತ್ತದೆ, ಗುಬ್ಬಿ ಚಿಲಿಪಿಲಿಗುಟ್ಟುತ್ತದೆ, ಪಾರಿವಾಳ ಗುಟುರು ಹಾಕುತ್ತದೆ, ಕಾಗೆ ಅರಚುತ್ತದೆ, ಹಾಲಕ್ಕಿ ನುಡಿಯುತ್ತದೆ. ಒಟ್ಟು ದನಿಗೆ ಕಲರವ ಎಂಬ ಸಂಸ್ಕೃತ ಪದವುಂಟು, ‘ಇನಿದಾದ ಸರ’ ಎಂಬ ಅರ್ಥದಲ್ಲಿ ‘ಇಂಚರ’ ಎಂಬ ಚೆಲುವಾದ ಮಾತುಂಟು. ಈ ಪಟ್ಟಿಯಲ್ಲಿ ‘ಹಾಡುತ್ತದೆ’ ಎಂಬ ಗೌರವ ದೊರೆತದ್ದು ಕೆಲವೇ ಹಕ್ಕಿಗಳಿಗೆ, ಎಲ್ಲಕ್ಕಿಂತ ಮೊದಲು ಕೋಗಿಲೆಗೆ. ಹಾಡು ಮನುಷ್ಯರದು, ಹಕ್ಕಿಯ ದನಿಯಲ್ಲಿ ಏರಿಳಿತವೂ ಮತ್ತೆ ಮತ್ತೆ ಮರಳುವ ಪಲ್ಲವಿಯೂ ಕೇಳಿಸಿದಾಗ ಮಾತ್ರ ಆ ಮಾತನ್ನು ಅದಕ್ಕೆ ಕೊಡಲಾಗುತ್ತದೆ. ಈ ಬಳಕೆಯಲ್ಲಿ ‘ಹಾಡುಹಕ್ಕಿ’ ಎಂದು ತೀರ್ಮಾನಿಸುವುದು ಕೇಳುವವರ ಕಿವಿ.

ಹಾಲಕ್ಕಿ ‘ನುಡಿಯುತ್ತದೆ’ ಎಂಬ ಮಾತಿನ ಹಿಂದೆ ಇನ್ನೂ ಹಳೆಯ ಕಾಲದ ಕೇಳುವಿಕೆ ಇದೆ. ಹಾಲಕ್ಕಿಯ ನುಡಿ ತಿಳಿದವರೆಂದು ಬೆಳಗಿನ ಜಾವ ಮನೆಬಾಗಿಲಿಗೆ ಬಂದು ಶಕುನ ಹೇಳುವ ಬುಡುಬುಡುಕೆಯವರನ್ನು ಹಳ್ಳಿಯ ಜನ ಬಲ್ಲರು. ಮನೆಯ ಮುಂದೆ ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಎಂಬುದೂ ಅದೇ ನಂಬಿಕೆಯ ತುಣುಕು. ಸಂಸ್ಕೃತದಲ್ಲಿ ‘ಶಕುನ’ ಎಂದರೆ ಮೊದಲು ಹಕ್ಕಿ, ಆಮೇಲೆ ಹಕ್ಕಿಯಿಂದ ತಿಳಿಯುವ ಮುಂಗುರುತು. ಹಕ್ಕಿಗಳು (ಶಕುಂತಗಳು) ಕಾಡಿನಲ್ಲಿ ಕಾಯ್ದ ಕೂಸಿಗೆ ಶಕುಂತಲೆ ಎಂದು ಹೆಸರಾಯಿತೆಂದು ಮಹಾಭಾರತದ ಆದಿಪರ್ವ ಹೇಳುತ್ತದೆ. ಋಗ್ವೇದದ ಎರಡನೆಯ ಮಂಡಲದ 42 ಮತ್ತು 43ನೆಯ ಸೂಕ್ತಗಳು ಇಂಥ ಶಕುನದ ಹಕ್ಕಿಯನ್ನೇ ಕುರಿತವು. ಅಲ್ಲಿ ಹಕ್ಕಿಯನ್ನು ಸಾಮ ಹಾಡುವ ಉದ್ಗಾತೃವಿಗೆ ಹೋಲಿಸಲಾಗಿದೆ. ಹಕ್ಕಿ ಹಾಡುತ್ತದೆ ಎಂಬ ಭಾವನೆಗೆ ಈ ನೆಲದಲ್ಲಿ ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು.

ಪ್ರಾಚೀನ ರೋಮಿನಲ್ಲಿಯೂ ಇದೇ ನಡೆಯಿತು. ಅಲ್ಲಿನ ಶಕುನಿಗರು ಹಕ್ಕಿಗಳನ್ನು ಎರಡು ಬಗೆಯಾಗಿ ವಿಂಗಡಿಸಿದ್ದರು: ಹಾರುವ ರೀತಿಯಿಂದ ಮುಂಗುರುತು ಕೊಡುವವು ‘ಆಲಿತೇಸ್’, ದನಿಯಿಂದ ಕೊಡುವವು ‘ಓಸ್ಕಿನೇಸ್’. ಹದ್ದು ಮೊದಲನೆಯ ಗುಂಪಿನದು. ಕಾಗೆ, ಗೂಬೆ ಎರಡನೆಯದು. ಓಸ್ಕಿನೇಸ್ ಎಂಬ ಲ್ಯಾಟಿನ್ ಪದದ ಒಳಗೆ ‘ಹಾಡು’ ಎಂಬ ಅರ್ಥದ ಧಾತುವೇ ಇದೆ. ಆದರೆ ಅದು ಇಂಪಿನ ಮಾತಲ್ಲ. ಕೇಳಿ ಅರ್ಥ ಮಾಡಿಕೊಳ್ಳಬೇಕಾದ ದನಿ ಎಂದಷ್ಟೇ. ಮುಂದೆ ಜೀವವಿಜ್ಞಾನ ಎತ್ತಿಕೊಂಡದ್ದು ಈ ಪದವನ್ನೇ.

ಹಾಡುವ ಹಕ್ಕಿಯ ಹೆಸರಿಗೆ ಅರ್ಥ ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಭಾರತದ ಪಂಡಿತರು ಬಲು ಹಿಂದೆಯೇ ನೇರವಾಗಿ ಎದುರಿಸಿದ್ದರು. ಆ ಚರ್ಚೆ ಬಂದಿರುವುದು ಕಾವ್ಯದಲ್ಲಲ್ಲ, ವ್ಯಾಕರಣದಲ್ಲೂ ಅಲ್ಲ; ಜೈಮಿನಿಯ ಮೀಮಾಂಸಾಸೂತ್ರಗಳ ಮೊದಲ ಅಧ್ಯಾಯದ ಮೂರನೆಯ ಪಾದಕ್ಕೆ ಶಬರಸ್ವಾಮಿ ಬರೆದ ಭಾಷ್ಯದಲ್ಲಿ. ವೈದಿಕ ಪಠ್ಯಗಳಲ್ಲಿ ಸಿಗುವ, ಆದರೆ ಆರ್ಯರ ಮಾತಿನಲ್ಲಿ ಬಳಕೆಯಿಲ್ಲದ ನಾಲ್ಕು ಪದಗಳನ್ನು ಆತ ಎತ್ತಿಕೊಳ್ಳುತ್ತಾನೆ: ಪಿಕ, ನೇಮ, ಸತ, ತಾಮರಸ. ಇವು ಮ್ಲೇಚ್ಛರ ಬಾಯಲ್ಲಿ ಬಳಕೆಯಲ್ಲಿವೆ. ಅವರ ಮಾತಿನಲ್ಲಿ ಪಿಕ ಎಂದರೆ ಕೋಗಿಲೆ, ನೇಮ ಎಂದರೆ ಅರ್ಧ, ಸತ ಎಂದರೆ ಮರದ ಪಾತ್ರೆ, ತಾಮರಸ ಎಂದರೆ ತಾವರೆ. ಈಗ ಪ್ರಶ್ನೆ: ನಿರುಕ್ತ ವ್ಯಾಕರಣಗಳ ನೆರವಿನಿಂದ ಧಾತು ಒಡೆದು ಅರ್ಥ ಹುಟ್ಟಿಸಬೇಕೇ, ಮ್ಲೇಚ್ಛರ ಬಳಕೆಯನ್ನು ಒಪ್ಪಬೇಕೇ?

ಶಬರನ ತೀರ್ಪು ಬಳಕೆಯ ಪರವಾಗಿದೆ. ಅದಕ್ಕೆ ಆತ ಕೊಡುವ ಕಾರಣ ಇಂದಿಗೂ ಹೊಸದಾಗಿದೆ. ಹಕ್ಕಿಗಳನ್ನು ಸಾಕುವುದರಲ್ಲಿ, ಹಿಡಿಯುವುದರಲ್ಲಿ ಮ್ಲೇಚ್ಛರು ಹೆಚ್ಚು ಪಳಗಿದವರು. ಆದ್ದರಿಂದ ಹಕ್ಕಿಯ ಹೆಸರಿನ ವಿಷಯದಲ್ಲಿ ಅವರ ಮಾತು ಪ್ರಮಾಣ. ಧರ್ಮದ ವಿಚಾರದಲ್ಲಿ ಯಾರ ನಡೆಯನ್ನು ಪ್ರಮಾಣವೆಂದು ಒಪ್ಪುತ್ತಿರಲಿಲ್ಲವೋ ಅವರ ಮಾತನ್ನೇ ಇಲ್ಲಿ ಒಪ್ಪಲಾಯಿತು. ಇದು ಸಣ್ಣ ಸಂಗತಿಯಲ್ಲ. ಇದೇ ಭಾಗಕ್ಕೆ ತಂತ್ರವಾರ್ತಿಕ ಬರೆದ ಕುಮಾರಿಲ ಭಟ್ಟ ದ್ರಾವಿಡ ಮಾತುಗಳ ಉದಾಹರಣೆ ತೆಗೆದು, ಅನ್ನ, ದಾರಿ, ಹಾವು, ಹೊಟ್ಟೆಗಳಿಗೆ ಇರುವ ಪದಗಳನ್ನು ಸಂಸ್ಕೃತ ಬಲ್ಲವರು ತಮಗೆ ತೋಚಿದ ಪ್ರತ್ಯಯ ಹಚ್ಚಿ ಹೇಗೆ ಬೇರೆಯೇ ಅರ್ಥಕ್ಕೆ ಎಳೆಯುತ್ತಾರೆಂದು ತೋರಿಸುತ್ತಾನೆ. ಹೊಟ್ಟೆಗೆ ಆತ ಕೊಟ್ಟ ತಮಿಳು ಪದದ ನಂಟಿನ ಮಾತು ಕನ್ನಡದ ‘ಬಸಿರು’.

ಹಕ್ಕಿಯ ಜೊತೆ ಬದುಕುವವರೇ ಹಕ್ಕಿಯ ಹೆಸರು ಬಲ್ಲವರು ಎಂಬ ಈ ಮಾತಿಗೆ ಕರ್ನಾಟಕದಲ್ಲಿ ಕಣ್ಣೆದುರಿನ ಸಾಕ್ಷಿ ಹಕ್ಕಿಪಿಕ್ಕಿ ಜನ. ಹಕ್ಕಿ ಹಿಡಿಯುವುದು ಅವರ ಕುಲಕಸುಬಾಗಿತ್ತು. ಕನ್ನಡಿಗರು ಅವರನ್ನು ಕರೆಯುವ ಹೆಸರಿನಲ್ಲೇ ಹಕ್ಕಿ ಕೂತಿದೆ. ಮನೆಯಲ್ಲಿ ಅವರು ಆಡುವ ವಾಗ್ರಿ ಇಂಡೋ-ಆರ್ಯನ್ ಗುಂಪಿನ ನುಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬು ನಿಂತಿತು. ಕಾಯ್ದೆ ಬೇಕಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಸುಬಿನ ಜೊತೆಗೆ ಅದರ ಪದಗಳು ಮರೆಯಾಗಬಾರದು. ಹಿರಿಯರ ನೆನಪಿನಲ್ಲಿ ಉಳಿದಿರುವ ಹಕ್ಕಿಯ ಹೆಸರುಗಳನ್ನು, ದನಿಗಳನ್ನು ಬರೆದಿಟ್ಟುಕೊಳ್ಳಲು ಇದು ತಕ್ಕ ಕಾಲ. ತಡವಾದರೆ ಕೇಳಲು ಯಾರೂ ಇರುವುದಿಲ್ಲ.

ಪಿಕ ಸಂಸ್ಕೃತದ ಒಳಮನೆಗೆ ಬಂದು ನೆಲೆಸಿತು. ಅಮರಕೋಶ ಕೋಗಿಲೆಗೆ ವನಪ್ರಿಯ, ಪರಭೃತ, ಕೋಕಿಲ, ಪಿಕ ಎಂಬ ನಾಲ್ಕು ಹೆಸರು ಕೊಡುತ್ತದೆ. ಇವುಗಳಲ್ಲಿ ಪರಭೃತ ಹಾಡಿಗೆ ಸಂಬಂಧಿಸಿದ್ದಲ್ಲ: ಬೇರೆಯವರು ಸಾಕಿದ್ದು ಎಂದು ಅದರ ಅರ್ಥ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದನ್ನು ಯಾರೋ ಕಣ್ಣಾರೆ ಕಂಡು ಇಟ್ಟ ಹೆಸರು ಅದು. ಕಾಳಿದಾಸನ ನಾಟಕದ ಐದನೆಯ ಅಂಕದಲ್ಲಿ ದುಷ್ಯಂತ ಇದೇ ಸಂಗತಿಯನ್ನು ಎತ್ತಿ ಆಡಿ ಶಕುಂತಲೆಯನ್ನು ನೋಯಿಸುತ್ತಾನೆ. ಹಕ್ಕಿಗಳು ಕಾಯ್ದ ಹೆಣ್ಣಿಗೆ ಹಕ್ಕಿಯ ಹೋಲಿಕೆಯಿಂದಲೇ ಪೆಟ್ಟು.

ಕನ್ನಡದಲ್ಲಿ ಕೋಗಿಲೆಗೆ ಸಿಕ್ಕ ಎತ್ತರದ ಜಾಗ ಪಂಪನಿಂದ ಬಂದದ್ದು. 10ನೆಯ ಶತಮಾನದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯ ನಂದನವನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂಬ ಹಂಬಲ ಬರುತ್ತದೆ. ಆದರೆ ಹಳಗನ್ನಡ ಕಾವ್ಯದ ಹಕ್ಕಿಗಳು ಎಣಿಸಿದಷ್ಟೇ: ಕೋಗಿಲೆ, ಗಿಳಿ, ಅಂಚೆ, ಸೋಗೆ, ಜಕ್ಕವಕ್ಕಿ, ಚಕೋರ, ಚಾತಕ. ಹೆಚ್ಚಿನವು ಕವಿಸಮಯದ ಹಕ್ಕಿಗಳು. ಬೆಳಗ್ಗೆ ಹಿತ್ತಿಲಲ್ಲಿ ನಿಜವಾಗಿ ಹಾಡುವ ಮಡಿವಾಳ, ಪಿಕಳಾರ, ಕಾಜಾಣಗಳು ಅಲ್ಲಿ ಅಪರೂಪ. ಮಲೆನಾಡಿನ ಈ ಹಕ್ಕಿಗಳು ತಮ್ಮ ಸ್ವಂತ ಹೆಸರಿನಿಂದ ಹೊಸಗನ್ನಡ ಕವಿತೆಗೆ ಬಂದದ್ದು ಮುಖ್ಯವಾಗಿ ಕುವೆಂಪು ಅವರಿಂದ. 1946ರಲ್ಲಿ ಬಂದ ಅವರ ಸಂಕಲನದ ಹೆಸರೇ ‘ಪಕ್ಷಿಕಾಶಿ’. ಆಮೇಲೆ ಪೂರ್ಣಚಂದ್ರ ತೇಜಸ್ವಿ ‘ಹಕ್ಕಿಪುಕ್ಕ’ದಂಥ ಪುಸ್ತಕಗಳಲ್ಲಿ ಆ ಹೆಸರುಗಳನ್ನು ಸಾಮಾನ್ಯ ಓದುಗರ ಕೈಗೆ ದಾಟಿಸಿದರು.

ಅನುವಾದದಲ್ಲಿ ಈ ಪದಗಳು ಪಟ್ಟ ಪಾಡು ಬೇರೆ. ಇಂಗ್ಲಿಷ್ ಕವಿಗಳ ನೈಟಿಂಗೇಲ್ ಯೂರೋಪಿನಲ್ಲಿ ರಾತ್ರಿಯ ಹೊತ್ತೂ ಹಾಡುವ, ಮಾಸಲು ಕಂದು ಬಣ್ಣದ ಪುಟ್ಟ ಹಕ್ಕಿ. ಮಡಿವಾಳ ಹಕ್ಕಿಯ ಹತ್ತಿರದ ಬಳಗದ್ದು. ಅದು ಕನ್ನಡ ನಾಡಿನ ಹಕ್ಕಿಯಲ್ಲ. ಸರೋಜಿನಿ ನಾಯ್ಡು ಅವರಿಗೆ ಇಂಗ್ಲಿಷಿನಲ್ಲಿ ಸಂದ ‘ಭಾರತದ ನೈಟಿಂಗೇಲ್’ ಎಂಬ ಬಿರುದು ಕನ್ನಡದಲ್ಲಿ ‘ಭಾರತದ ಕೋಗಿಲೆ’ ಆಯಿತು. ಲತಾ ಮಂಗೇಶ್ಕರ್ ‘ಗಾನಕೋಗಿಲೆ’ ಆದರು. ಹಕ್ಕಿಯ ಲೆಕ್ಕದಲ್ಲಿ ಇದು ತಪ್ಪು ಅನುವಾದ, ಭಾವದ ಲೆಕ್ಕದಲ್ಲಿ ಸರಿಯಾದದ್ದು: ಅಲ್ಲಿನ ಕಿವಿಗೆ ನೈಟಿಂಗೇಲ್ ಏನೋ ಇಲ್ಲಿನ ಕಿವಿಗೆ ಕೋಗಿಲೆ ಅದು. ಆದರೂ ಒಂದು ವಿಚಿತ್ರ ಉಳಿಯುತ್ತದೆ. ‘ಕುಹೂ ಕುಹೂ’ ಎಂದು ಸ್ವರ ಏರಿಸುತ್ತ ಹೋಗುವುದು ಕೆಂಪು ಕಣ್ಣಿನ, ಮಿರುಗುವ ಕಪ್ಪು ಮೈಯ ಗಂಡು ಕೋಗಿಲೆ. ಹೆಣ್ಣಿನದು ಕಂದು ಮೈ, ಅದರ ಮೇಲೆ ಬಿಳಿ ಚುಕ್ಕೆ. ಅದರ ದನಿ ‘ಕಿಕ್ ಕಿಕ್ ಕಿಕ್’ ಎಂಬ ಮೊಟಕು ಕರೆ. ಗಾಯಕಿಯರಿಗೆ ಕೊಟ್ಟ ಬಿರುದು ಗಂಡುಹಕ್ಕಿಯ ಹಾಡಿನಿಂದ ಬಂದದ್ದು.

ಬುಲ್‌ಬುಲ್ ಎಂಬ ಮಾತು ಇನ್ನೂ ದೂರ ಬಂದಿದೆ. ಪಾರಸಿ ಕಾವ್ಯದಲ್ಲಿ ಗುಲಾಬಿಗೆ ಮನಸೋತು ಹಾಡುವ ಬುಲ್‌ಬುಲ್ ಆ ನೈಟಿಂಗೇಲೇ. ಹೆಸರು ಭಾರತಕ್ಕೆ ಬಂತು, ಹಕ್ಕಿ ಬರಲಿಲ್ಲ. ಇಲ್ಲಿ ಅದು ತಲೆಯ ಮೇಲೆ ಜುಟ್ಟು, ಬಾಲದ ಬುಡದಲ್ಲಿ ಕೆಂಪು ಇರುವ ಬೇರೊಂದು ಹಕ್ಕಿಗೆ ಅಂಟಿತು. ಇಂಗ್ಲಿಷ್ ಪುಸ್ತಕಗಳೂ ಅದನ್ನೇ ಒಪ್ಪಿದವು. ಆ ಹಕ್ಕಿಗೆ ಕನ್ನಡದಲ್ಲಿ ಮೊದಲೇ ‘ಪಿಕಳಾರ’ ಎಂಬ ಹೆಸರಿತ್ತು. ಶಬರನ ನ್ಯಾಯದ ಪ್ರಕಾರ ಬುಲ್‌ಬುಲ್ ಕೂಡ ಈಗ ತಪ್ಪಲ್ಲ, ಬಳಕೆ ಅದನ್ನು ಒಪ್ಪಿದೆ. ಆದರೂ ಪಿಕಳಾರವನ್ನು ಬಿಟ್ಟುಕೊಡುವುದಕ್ಕೆ ಯಾವ ಕಾರಣವೂ ಇಲ್ಲ.

ಜೀವವಿಜ್ಞಾನಕ್ಕೆ ಬಂದಾಗ ಅಳತೆಗೋಲೇ ಬದಲಾಗುತ್ತದೆ. ಜಗತ್ತಿನ ಸುಮಾರು 11,000 ಹಕ್ಕಿ ಜಾತಿಗಳಲ್ಲಿ ಅರ್ಧಕ್ಕೂ ಹೆಚ್ಚು ಪ್ಯಾಸರಿಫಾರ್ಮಿಸ್ ಗಣಕ್ಕೆ, ಅಂದರೆ ಗುಬ್ಬಿಯ ಗಣಕ್ಕೆ ಸೇರುತ್ತವೆ. ಮುಂದೆ ಮೂರು, ಹಿಂದೆ ಒಂದು ಬೆರಳಿನಿಂದ ಕೊಂಬೆಯನ್ನು ಬಿಗಿಯಾಗಿ ಹಿಡಿಯುವ ಹಕ್ಕಿಗಳು ಇವು. 19ನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಅಂಗರಚನಾ ವಿಜ್ಞಾನಿ ಯೋಹಾನೆಸ್ ಮ್ಯೂಲರ್ ಈ ಗಣದ ಹಕ್ಕಿಗಳ ದನಿಪೆಟ್ಟಿಗೆಯನ್ನು ಬಿಡಿಸಿ ನೋಡಿ, ಅದರ ರಚನೆ ಎಲ್ಲವುಗಳಲ್ಲೂ ಒಂದೇ ಅಲ್ಲ ಎಂದು ತೋರಿಸಿದ. ಹಕ್ಕಿಯ ದನಿಪೆಟ್ಟಿಗೆ ಮನುಷ್ಯರಲ್ಲಿರುವಂತೆ ಗಂಟಲಿನ ಮೇಲ್ತುದಿಯಲ್ಲಿಲ್ಲ. ಶ್ವಾಸನಾಳ ಕವಲೊಡೆದು ಎರಡು ಶ್ವಾಸಕೋಶಗಳ ಕಡೆಗೆ ಹೋಗುವ ಜಾಗದಲ್ಲಿ, ಎದೆಯ ಒಳಗಿದೆ. ಅದಕ್ಕೆ ಸಿರಿಂಕ್ಸ್ ಎಂದು ಹೆಸರು. ಕೆಲವು ಹಕ್ಕಿಗಳಲ್ಲಿ ಅದನ್ನು ಬಿಗಿದು ಸಡಿಲಿಸಲು ಹಲವು ಜೊತೆ ಸಣ್ಣ ಸ್ನಾಯುಗಳಿವೆ. ಎಡ ಬಲ ಕವಲುಗಳನ್ನು ಬೇರೆ ಬೇರೆಯಾಗಿ ಆಡಿಸಿ ಅವು ಒಂದೇ ಕಾಲಕ್ಕೆ ಎರಡು ಸ್ವರ ಹೊರಡಿಸಬಲ್ಲವು. ಇಂಥ ದನಿಪೆಟ್ಟಿಗೆಯುಳ್ಳ ಗುಂಪಿಗೆ ರೋಮಿನ ಶಕುನಿಗರ ‘ಓಸ್ಕಿನೇಸ್’ ಎಂಬ ಹಳೆಯ ಹೆಸರು ನಿಂತಿತು. ಇಂದು ಅದರಲ್ಲಿ ಸುಮಾರು 5,000 ಜಾತಿಗಳಿವೆ. ಇಂಗ್ಲಿಷ್ ಪುಸ್ತಕಗಳ ‘ಸಾಂಗ್‌ಬರ್ಡ್’ ಇದೇ, ಕನ್ನಡದ ವಿಜ್ಞಾನ ಬರಹದಲ್ಲಿ ‘ಹಾಡುಹಕ್ಕಿ’ ಎಂದು ಬರುವುದೂ ಇದೇ.

ಈ ಅಳತೆಯಲ್ಲಿ ಕಾಗೆ ಹಾಡುಹಕ್ಕಿ. ಕೋಗಿಲೆ ಅಲ್ಲ. ಕೋಗಿಲೆ ಇನ್ನೊಂದೇ ಗಣದ ಹಕ್ಕಿ. ಅದರ ದನಿಪೆಟ್ಟಿಗೆಗೆ ಅಷ್ಟೊಂದು ಸ್ನಾಯುಗಳಿಲ್ಲ. ಒಂಬತ್ತು ಬಣ್ಣದ ನವರಂಗ ಗುಬ್ಬಿಯ ಗಣಕ್ಕೆ ಸೇರಿದ್ದರೂ ಓಸ್ಕಿನೇಸ್ ಗುಂಪಿನ ಹೊರಗೇ ಉಳಿಯುತ್ತದೆ. ಗೊರವಂಕ, ಕಾಜಾಣ, ಗೀಜಗ, ಸೂರಕ್ಕಿ, ಹೊನ್ನಕ್ಕಿ ಎಲ್ಲವೂ ಒಳಗೆ. ಓದುಗರಿಗೆ ಇದು ತಲೆಕೆಳಗಾದಂತೆ ಕಾಣುವುದು ಸಹಜ. ಆದರೆ ಇಲ್ಲಿ ಕೇಳುವ ಪ್ರಶ್ನೆ ಇಂಪಿನದಲ್ಲ, ಅಂಗದ್ದು ಮತ್ತು ಕಲಿಕೆಯದು.

ಕಲಿಕೆಯ ಸಂಗತಿ ಬೆಳಕಿಗೆ ಬಂದದ್ದು 20ನೆಯ ಶತಮಾನದಲ್ಲಿ. 1950ರ ದಶಕದಲ್ಲಿ ಕೇಂಬ್ರಿಜ್‌ನ ವಿಲಿಯಂ ಥೋರ್ಪ್ ಚಾಫಿಂಚ್ ಎಂಬ ಹಕ್ಕಿಯ ಮರಿಗಳನ್ನು ದೊಡ್ಡವುಗಳ ದನಿ ಕೇಳದಂತೆ ಬೆಳೆಸಿದ. ಅವು ದೊಡ್ಡವಾದ ಮೇಲೆ ಹಾಡಿದವು, ಆದರೆ ಆ ಹಾಡು ಬಡಕಲಾಗಿತ್ತು. ಕಾಡಿನ ಹಕ್ಕಿಯ ಹಾಡಿನ ಒಳಕಟ್ಟು ಅದಕ್ಕಿರಲಿಲ್ಲ. ಮರಿ ಮೊದಲು ಕೇಳಿ ನೆನಪಿಟ್ಟುಕೊಳ್ಳಬೇಕು, ಆಮೇಲೆ ತೊದಲಬೇಕು, ತನ್ನ ದನಿಯನ್ನು ತಾನೇ ಕೇಳಿ ತಿದ್ದಿಕೊಳ್ಳಬೇಕು. ಹೀಗೆ ದನಿ ಕಲಿಯುವ ಶಕ್ತಿ ಹಕ್ಕಿಗಳಲ್ಲಿ ಮುಖ್ಯವಾಗಿ ಮೂರು ಗುಂಪುಗಳಿಗಿದೆ: ಓಸ್ಕಿನೇಸ್, ಗಿಳಿಗಳು, ಅಮೆರಿಕದ ಹಮ್ಮಿಂಗ್‌ಬರ್ಡ್‌ಗಳು. ‘ಗಿಳಿಪಾಠ’ ಎಂಬ ಮಾತನ್ನು ಕನ್ನಡಿಗರು ಅರ್ಥವಿಲ್ಲದ ಬಾಯಿಪಾಠಕ್ಕೆ ಬಳಸಿದರೂ, ಗಿಳಿ ಪಾಠ ಕಲಿಯುತ್ತದೆ ಎಂಬ ತಿಳಿವಳಿಕೆ ಅದರಲ್ಲಿ ಸರಿಯಾಗಿಯೇ ಇದೆ. ಬಾಲದಿಂದ ಎರಡು ಉದ್ದ ಗರಿ ಇಳಿಬಿಟ್ಟ ಮಲೆನಾಡಿನ ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಒಂದರ ಹಿಂದೆ ಒಂದು ಅಣಕಿಸಿ ತೋರಿಸುವುದೂ ಇದೇ ಶಕ್ತಿಯಿಂದ.

ವಿಜ್ಞಾನ ಹಾಡನ್ನು ಕರೆಯಿಂದ ಬೇರ್ಪಡಿಸುತ್ತದೆ. ಕರೆ ಗಿಡ್ಡ, ಹಾವು ಕಂಡಾಗ, ಮರಿ ಹಸಿದಾಗ, ಗುಂಪು ಚದುರಿದಾಗ ಹೊರಡುವುದು. ಹಾಡು ಉದ್ದ, ಕಟ್ಟುಳ್ಳದ್ದು, ಹೆಚ್ಚಾಗಿ ಗೂಡು ಕಟ್ಟುವ ಕಾಲದ್ದು. ಇದು ತನ್ನ ಜಾಗ ಎಂದು ಸಾರುವುದಕ್ಕೆ, ಜೊತೆಯನ್ನು ಕರೆಯುವುದಕ್ಕೆ. ಮಡಿವಾಳ ಹಕ್ಕಿಯಲ್ಲಿ ಎರಡನ್ನೂ ಸುಲಭವಾಗಿ ಗುರುತಿಸಬಹುದು. ಮಾರ್ಚ್‌ನಲ್ಲಿ ಇನ್ನೂ ಮಬ್ಬುಗತ್ತಲು ಇರುವಾಗಲೇ ಗಂಡು ತೆಂಗಿನ ಗರಿಯ ತುದಿಯಲ್ಲೋ ಮಾಳಿಗೆಯ ಮೇಲಿನ ಕಂಬಿಯಲ್ಲೋ ಬಂದು ಕೂರುತ್ತದೆ. ಕಪ್ಪು ಎದೆ, ಮಡಿ ಮಾಡಿದ ಬಟ್ಟೆಯಂಥ ಬಿಳಿ ಹೊಟ್ಟೆ, ರೆಕ್ಕೆಯಲ್ಲಿ ಬಿಳಿ ಪಟ್ಟೆ. ಒಂದು ತುಣುಕು ಸಿಳ್ಳೆ, ನಡುವೆ ಬಿಡುವು, ಮತ್ತೆ ಅದೇ ತುಣುಕು ಬೇರೆ ಮುಕ್ತಾಯದೊಂದಿಗೆ. ಬೆಕ್ಕು ಕೆಳಗೆ ಸುಳಿದರೆ ಹಾಡು ತಟ್ಟನೆ ನಿಂತು ‘ಚರ್‌ರ್’ ಎಂಬ ಒರಟು ಸದ್ದು ಬರುತ್ತದೆ, ಅದು ಕರೆ. ಹಾಡುವುದು ಗಂಡು ಮಾತ್ರ ಎಂದು ಬಹುಕಾಲ ಬರೆಯುತ್ತ ಬಂದರು; ಉತ್ತರದ ಚಳಿ ದೇಶಗಳ ಹಕ್ಕಿಗಳನ್ನು ನೋಡಿ ಮಾಡಿದ ತೀರ್ಮಾನ ಅದು. ಓಸ್ಕಿನೇಸ್ ಗುಂಪಿನ ಬಹಳಷ್ಟು ಜಾತಿಗಳಲ್ಲಿ ಹೆಣ್ಣೂ ಹಾಡುತ್ತದೆ ಎಂಬುದು 2014ರಲ್ಲಿ ಪ್ರಕಟವಾದ ವಿಸ್ತಾರವಾದ ಸಮೀಕ್ಷೆಯಿಂದ ಖಚಿತವಾಯಿತು.

ಪದದ ಎರಡು ಅರ್ಥಗಳೂ ಒಂದೇ ಗೂಡಿನಲ್ಲಿ ಎದುರಾಗುವುದು ಬೇಸಿಗೆಯ ಕೊನೆಗೆ. ಗಂಡು ಕೋಗಿಲೆ ಕಾಗೆಗಳ ಕಣ್ಣಿಗೆ ಬಿದ್ದು ಅವು ಅಟ್ಟಿಸಿಕೊಂಡು ಹೋಗುವಂತೆ ಮಾಡುವುದನ್ನೂ, ಆ ಸಮಯದಲ್ಲಿ ಹೆಣ್ಣು ಗೂಡಿಗೆ ನುಗ್ಗಿ ಮೊಟ್ಟೆಯಿಡುವುದನ್ನೂ ಹಕ್ಕಿ ನೋಡುವವರು ದಾಖಲಿಸಿದ್ದಾರೆ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಸಣ್ಣದು, ಕೆಲವು ದಿನ ಮೊದಲೇ ಒಡೆಯುತ್ತದೆ. ಕಾಗೆ ತನ್ನ ಮರಿಯೆಂದೇ ತಿನ್ನಿಸಿ ಬೆಳೆಸುತ್ತದೆ. ಮರಿಯ ಸುತ್ತ ವಾರಗಟ್ಟಲೆ ಕೇಳಿಸುವುದು ಕಾಗೆಯ ದನಿಯೇ. ಚಾಫಿಂಚ್ ಮರಿಯಾಗಿದ್ದರೆ ಕೇಳಿದ್ದು ನೆನಪಿನಲ್ಲಿ ಉಳಿಯುತ್ತಿತ್ತು. ಕೋಗಿಲೆಯ ಹಾಡು ಹುಟ್ಟಿನಿಂದಲೇ ಬಂದದ್ದು. ಸಾಕಿದ ಕಾಗೆಯ ಒಂದು ಸ್ವರವೂ ಅದರಲ್ಲಿ ಸೇರುವುದಿಲ್ಲ. ಕಲಿಯಬಲ್ಲ ಕಾಗೆ ಒರಟಾಗಿ ಕೂಗುತ್ತದೆ, ಕಲಿಯದ ಕೋಗಿಲೆ ಇಂಪಾಗಿ ಹಾಡುತ್ತದೆ.

ಆದ್ದರಿಂದ ನಿಘಂಟಿನಲ್ಲಿ ‘ಹಾಡುಹಕ್ಕಿ’ಗೆ ಅಂಕಿ ಹಾಕಿ ಅರ್ಥಗಳನ್ನು ಬೇರೆ ಬೇರೆ ಕೊಡಬೇಕಾಗುತ್ತದೆ. ಮೊದಲನೆಯದು, ಇಂಪಾಗಿ ದನಿಮಾಡುವ ಯಾವುದೇ ಹಕ್ಕಿ. ಕೋಗಿಲೆ, ಮಡಿವಾಳ, ಮಳೆಗಾಲದಲ್ಲಿ ಹಳ್ಳದ ಬಂಡೆಯ ಮೇಲೆ ಸಿಳ್ಳು ಹಾಕುವ ಸಿಳ್ಳಾರ ಇದರಲ್ಲಿ ಬರುತ್ತವೆ. ಎರಡನೆಯದು, ಲಕ್ಷಣೆಯಿಂದ, ಒಳ್ಳೆಯ ಕಂಠದ ಗಾಯಕಿ ಅಥವಾ ಗಾಯಕ. ಮೂರನೆಯದು, ಜೀವವಿಜ್ಞಾನದಲ್ಲಿ ಓಸ್ಕಿನೇಸ್ ಗುಂಪಿನ ಹಕ್ಕಿ; ಕಾಗೆ ಇದರೊಳಗೆ, ಕೋಗಿಲೆ ಹೊರಗೆ. ಇಂಗ್ಲಿಷಿನ ಸಾಂಗ್‌ಬರ್ಡ್ ಇದ್ದಲ್ಲೆಲ್ಲ ವಿವರಣೆಯಿಲ್ಲದೆ ಹಾಡುಹಕ್ಕಿ ಎಂದು ಬರೆದರೆ ಹುಡುಗರು ಮೊದಲ ಅರ್ಥವನ್ನೇ ಹಿಡಿದು ಗೊಂದಲಕ್ಕೆ ಬೀಳುತ್ತಾರೆ. ಪಠ್ಯದಲ್ಲಿ ಮೊದಲ ಸಲ ‘ಓಸ್ಕಿನೇಸ್ ಗುಂಪಿನ ಹಾಡುಹಕ್ಕಿಗಳು’ ಎಂದು ಬರೆದು, ಕಾಗೆಯನ್ನೂ ಕೋಗಿಲೆಯನ್ನೂ ಅಲ್ಲೇ ಹೆಸರಿಸಿದರೆ ಸಾಕು. ಹೊಸ ಪಾರಿಭಾಷಿಕ ಪದವೊಂದನ್ನು ಕಟ್ಟುವ ಅಗತ್ಯ ಬೀಳುವುದಿಲ್ಲ.